ನಾಲ್ಕನೆಯ ಕೋಟು

ಅಳತೆ ತಪ್ಪಿದ ಬಟ್ಟೆ ಕಂಡರೆ ಟೇಲರಕ್ಕನಿಗೆ ಮೈ ಉರಿಯುತ್ತಿತ್ತು. ಬೀದಿಯಲ್ಲಿ ಹೋಗುವವರನ್ನು ತಡೆದು ನಿಲ್ಲಿಸಿ, "ಯಾರ್ರೀ ಹೊಲಿದಿದ್ದು ಇದನ್ನ? ಭುಜ ಎಲ್ಲಿದೆ, ತೋಳು ಎಲ್ಲಿದೆ?" ಎಂದು ಗದರಿ, ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ತೆಗೆದು ಅಲ್ಲೇ ಚುಚ್ಚಿ ಸರಿಮಾಡಿ ಕಳಿಸುತ್ತಿದ್ದಳು. ಒಮ್ಮೆ ಸಾವಿನ ಮನೆಯಲ್ಲಿ, ಹೆಣಕ್ಕೆ ಹೆಗಲು ಕೊಡಲು ನಿಂತವನ ಪ್ಯಾಂಟಿನ ಹಿಂಬದಿ ಹೊಲಿಗೆ ಬಿಟ್ಟಿದ್ದನ್ನು ನೋಡಿ ಸುಮ್ಮನಿರಲಾಗದೆ, ಅವನನ್ನು ಗೋಡೆಯ ಮರೆಗೆ ಎಳೆದೊಯ್ದು ಹೊಲಿಗೆ ಹಾಕಿ ಬಿಟ್ಟಿದ್ದಳು. ಅಲ್ಲಿಯವರೆಗೆ ಸತ್ತವರು ಕಾದಿದ್ದರು. ಅವರಿಗೇನು ಅವಸರ?

ಅವಳ ಅಂಗಡಿ ಒಂದೇ ಕೋಣೆ. ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ, ಇಸ್ತ್ರಿ ಮಾಡಿ ಮಾಡಿ ಕಂದಿದ ಮೇಜು, ಗೋಡೆಯ ಮೊಳೆಗಳಲ್ಲಿ ಸಾಲಾಗಿ ದಾರದ ಉಂಡೆಗಳು. ಬಾಗಿಲ ಪಕ್ಕದಲ್ಲಿ ಒಂದು ದಪ್ಪ ದಿಂಬು. ಅದರ ಮೇಲೆ ಅವಳ ಅತ್ತೆ. ಅತ್ತೆಯ ಕೈ ಗುಂಡಿ ಹೊಲಿಯುತ್ತಿತ್ತು, ಕಣ್ಣು ಬೀದಿಯನ್ನು ಅಳೆಯುತ್ತಿತ್ತು, ಬಾಯಿ ಎರಡಕ್ಕೂ ಬಿಡುವು ಕೊಡುತ್ತಿರಲಿಲ್ಲ. ದಿಂಬಿನೊಳಗಿದ್ದದ್ದು ಹತ್ತಿಯಲ್ಲ, ಅಂಗಡಿಯ ಬಟ್ಟೆ ಚೂರುಗಳು. ಚೂರು ಬಿಸಾಡುವುದು ಆ ಮನೆಯಲ್ಲಿ ಅನ್ನ ಬಿಸಾಡಿದ ಹಾಗೆ.

ಅಂಗಡಿಯ ಎದುರಿಗೇ ಬೆಂಕಿ ಆರಿಸುವ ಬಂಡಿಯ ಶೆಡ್ಡು. ಬಂಡಿಗೆ ಊರವರು ಇಟ್ಟ ಹೆಸರು ಕೆಂಪಿ. ಕೆಂಪಿಗೆ ಸಂಬಳದ ಆಳುಗಳಿರಲಿಲ್ಲ. ಸೈರನ್ ಕೂಗಿದರೆ ಊರಿನವರೇ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬಂದು ಹತ್ತಬೇಕು. ಕಲ್ಲಿನ ಗಣಿ ನಡೆಯುತ್ತಿದ್ದ ಕಾಲದಲ್ಲಿ ಹತ್ತಲು ಜಾಗ ಸಾಲದೆ ಗಂಡಸರು ಜಗಳವಾಡುತ್ತಿದ್ದರಂತೆ. ಗಣಿ ಮುಚ್ಚಿತು. ಈಗ ಬೆಂಕಿದಳದ ಗಂಡಸರೆಲ್ಲ, ಟೇಲರಕ್ಕನ ಗಂಡನೂ ಸೇರಿ, ಬೆಳಗಿನ ಬಸ್ಸಿಗೆ ಗುಡ್ಡದಾಚೆಯ ಪಟ್ಟಣದ ಕಾರ್ಖಾನೆಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಗಲಲ್ಲಿ ಊರಲ್ಲಿ ಉಳಿಯುವುದು ಹೆಂಗಸರು, ಮುದುಕರು, ಮಕ್ಕಳು ಮತ್ತು ಕೆಂಪಿ. ಬೆಂಕಿಗೆ ಬಸ್ಸಿನ ಟೈಮು ಗೊತ್ತಿಲ್ಲವಲ್ಲ.

ಶೆಡ್ಡಿನ ಬಾಗಿಲ ಮೇಲೆ ಒಂದು ಸಾಲು ಬರೆದಿತ್ತು: 'ನಾಲ್ವರಿಲ್ಲದೆ ಬಂಡಿ ಈ ಬಾಗಿಲು ದಾಟತಕ್ಕದ್ದಲ್ಲ.' ಹಿಂದೆ ಯಾವನೋ ಒಬ್ಬನೇ ಕೆಂಪಿಯನ್ನು ತೊಳೆಯಲು ಕೆರೆಗೆ ಒಯ್ದು ಏರಿಯ ಕೆಳಗೆ ಉರುಳಿಸಿದ್ದ. ಆಮೇಲೆ ಪಟ್ಟಣದ ಕಚೇರಿಯವರು ಬಂದು ಈ ನಿಯಮ ಬರೆಸಿ ಹೋದರು. ಬೆಂಕಿಗಾಗಲಿ, ತೊಳೆಯುವುದಕ್ಕಾಗಲಿ, ಸುಮ್ಮನೆ ಹೊರಗೆ ತಂದು ನಿಲ್ಲಿಸುವುದಕ್ಕಾಗಲಿ, ಕಲಿತ ನಾಲ್ಕು ಜನ ಹತ್ತಲೇಬೇಕು. ದಳದ ಮುಖ್ಯಸ್ಥ ಕಟಿಂಗ್ ಅಣ್ಣ, ಊರಿನ ಕ್ಷೌರದ ಅಂಗಡಿಯವನು, ಆ ಸಾಲು ಮಾಸಿದಾಗಲೆಲ್ಲ ಏಣಿ ಹತ್ತಿ ಮತ್ತೆ ಬಣ್ಣ ಕೊಡುತ್ತಿದ್ದ.

ಒಂದು ಮಧ್ಯಾಹ್ನ ಶಾಲೆಯ ಅಡುಗೆಯವಳ ಮನೆಗೆ ಬೆಂಕಿ ಬಿತ್ತು.

ಸೈರನ್ ಕೂಗಿತು. ಕಟಿಂಗ್ ಅಣ್ಣ ಅರ್ಧ ಗಡ್ಡ ಬೋಳಿಸಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿಬಂದ. ನಿವೃತ್ತ ಪೋಸ್ಟ್‌ಮ್ಯಾನ್, ಊರಿಗೆಲ್ಲ ಪೋಸ್ಟ್ ಮಾವ, ಏದುಸಿರು ಬಿಡುತ್ತ ಬಂದರು. ಕೆಂಪಿಯ ಇಂಜಿನ್ನು ಶುರುವಾಯಿತು. ಅಷ್ಟೇ. ಮತ್ತೆ ಯಾರೂ ಬರಲಿಲ್ಲ.

ಟೇಲರಕ್ಕ ಕತ್ತರಿ ಹಿಡಿದುಕೊಂಡೇ ಬೀದಿ ದಾಟಿದಳು. "ಯಾಕೆ ನಿಂತಿದ್ದೀರಿ ಅಣ್ಣಾ? ಹೊಗೆ ಕಾಣ್ತಿಲ್ವಾ?"

"ಕಾಣ್ತಿದೆ ಕಣಮ್ಮ. ಇಬ್ಬರೇ ಇದ್ದೀವಿ."

"ನಾನು ಬರ್ತೀನಿ. ಅತ್ತೆನೂ ಬರ್ತಾರೆ."

"ಪೈಪು ಹಿಡಿಯೋಕೆ ಬರದವರನ್ನ ಕರ್ಕೊಂಡು ಹೋಗಿ ಸಾಯಿಸಲಾ?" ಕಟಿಂಗ್ ಅಣ್ಣನ ಕೈಯಲ್ಲಿ ಇನ್ನೂ ಸೋಪಿನ ನೊರೆ ಇತ್ತು.

ಅಷ್ಟರಲ್ಲಿ ಅಡುಗೆಯವಳೇ ಶಾಲೆಯಿಂದ ಓಡಿಬಂದಳು, ಕೈಯಲ್ಲಿ ಸೌಟು. ಮನೆಯ ಕಡೆ ಓಡುತ್ತಿದ್ದವಳು ಶೆಡ್ಡಿನೊಳಗೆ ಕೆಂಪಿ ನಿಂತಲ್ಲೇ ಗುರುಗುಡುವುದನ್ನು ನೋಡಿ ನಿಂತಳು. ಕಟಿಂಗ್ ಅಣ್ಣ ಅವಳ ಮುಖ ನೋಡದೆ ಬಾಗಿಲ ಮೇಲಿನ ಸಾಲನ್ನು ಬಾಯಲ್ಲಿ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ತನ್ನ ಬೀದಿಗೆ ಓಡಿದಳು.

ಊರವರು ಕೊಡದಲ್ಲಿ, ಬಕೆಟ್ಟಿನಲ್ಲಿ ನೀರು ಹೊಯ್ದರು. ಪಟ್ಟಣದ ಬಂಡಿ ಗುಡ್ಡ ಹತ್ತಿ ಇಳಿದು ಬರುವಷ್ಟರಲ್ಲಿ ನಾಲ್ಕು ಗೋಡೆ ಉಳಿದಿದ್ದವು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಜೀವಹಾನಿ ಇಲ್ಲ ಎಂದು ಪಟ್ಟಣದವರು ಸಮಾಧಾನ ಹೇಳಿ ಹೋದರು. ಅಡುಗೆಯವಳು ಆ ಗೋಡೆಗಳ ಎದುರು ಸೌಟು ಹಿಡಿದು ಕೂತೇ ಇದ್ದಳು. ಟೇಲರಕ್ಕನಿಗೆ ಬಂದದ್ದು ಅಳುವಲ್ಲ, ಕೋಪ. ಯಾರ ಮೇಲೆ ಎಂದು ಗೊತ್ತಾಗದ, ಹಾಗಾಗಿ ಎಲ್ಲರ ಮೇಲೂ ಬಂದ ಕೋಪ.

ಅಂದು ಸಂಜೆ ಪೋಸ್ಟ್ ಮಾವ ತಮ್ಮ ಬೆಂಕಿಕೋಟನ್ನು ಮಡಚಿ ತಂದು ಅವಳ ಮೇಜಿನ ಮೇಲಿಟ್ಟರು. "ನನ್ನ ಕೈಲಿ ಇನ್ನಾಗಲ್ಲ ಕಣವ್ವ. ಓಡಿಬಂದು ನಿಲ್ಲೋದಕ್ಕೆ ಕೋಟು ಯಾಕೆ? ನೀನು ಹಾಕ್ಕೋ."

ಹಾಕಿಕೊಂಡಳು. ಪೋಸ್ಟ್ ಮಾವ ಬಲು ಎತ್ತರದವರು. ಕೋಟಿನ ಅಂಚು ಅವಳ ಪಾದ ಮುಟ್ಟಿತು, ತೋಳಿನ ತುದಿಯಲ್ಲಿ ಕೈ ಕಾಣಲಿಲ್ಲ.

"ಬೆಂಕಿ ನಿನ್ನ ನೋಡಿ ನಕ್ಕೇ ಆರಿಹೋಗುತ್ತೆ ಬಿಡು," ಎಂದರು ಅತ್ತೆ, ಗುಂಡಿಯ ದಾರ ಹಲ್ಲಲ್ಲಿ ಕಡಿಯುತ್ತ.

ರಾತ್ರಿ ಊಟಕ್ಕೆ ಕೂತ ಗಂಡ, "ಊರು ಏನನ್ನುತ್ತೆ?" ಎಂದು ಕೇಳಿದ. "ಊರು ಹಗಲು ಹೊತ್ತು ಇದ್ರೆ ತಾನೇ ಅನ್ನೋದಕ್ಕೆ?" ಎಂದಳು. ಭಾನುವಾರ ಬಂದಾಗ ಅವನೇ ಕೆಂಪಿಯ ಪಂಪಿನ ಮುಂದೆ ಅವಳನ್ನು ನಿಲ್ಲಿಸಿ ಒಂದೊಂದೇ ಹಿಡಿಕೆ ತೋರಿಸಿದ. ನೀರಿನ ಒತ್ತಡ ಏರಿಸುವುದು, ಇಳಿಸುವುದು; ವರ್ಷಗಟ್ಟಲೆ ಹೊಲಿಗೆ ಯಂತ್ರ ತುಳಿದವಳಿಗೆ ಅದರ ಹದ ಸಿಕ್ಕಿತು. ಅವಳ ಹಿಂದೆಯೇ ನರ್ಸಮ್ಮ ಬಂದಳು, ಊರಿನ ಆರೋಗ್ಯ ಕೇಂದ್ರದವಳು. "ಸುಟ್ಟವರನ್ನ ಆಮೇಲೆ ನೋಡೋದಕ್ಕಿಂತ ಮೊದಲೇ ನೋಡೋದು ಸುಲಭ," ಎಂದಳು. ಕೊನೆಗೆ, ಯಾರೂ ಕರೆಯದೆ, ಅಡುಗೆಯವಳು ಬಂದು ಸಾಲಿನ ತುದಿಯಲ್ಲಿ ನಿಂತಳು. ಅವಳು ಆಗ ಶಾಲೆಯ ಉಗ್ರಾಣದಲ್ಲಿ ಮಲಗುತ್ತಿದ್ದಳು. ದೊಡ್ಡ ಹಂಡೆ ಎತ್ತಿಳಿಸಿದ ತೋಳು. ಪೈಪು ಹಿಡಿದರೆ ಅಲ್ಲಾಡುತ್ತಿರಲಿಲ್ಲ. ಕಟಿಂಗ್ ಅಣ್ಣ ಎಣಿಸಿದ. ತನ್ನನ್ನೂ ಸೇರಿಸಿಕೊಂಡು ನಾಲ್ಕು. ಮತ್ತೊಮ್ಮೆ ಎಣಿಸಿದ.

ಅತ್ತೆಯನ್ನು ಯಾರೂ ಎಣಿಸಲಿಲ್ಲ ಎಂದು ಅವರಿಗೆ ಸಿಟ್ಟು ಬಂತು. ಹಾಗಾಗಿ ಕೈಯಲ್ಲಿ ತಿರುಗಿಸುವ ಸೈರನ್ನಿನ ಹಿಡಿ ಅವರಿಗೆ ಹೋಯಿತು. "ನನ್ನ ಬಾಯಿ ಸಾಲಲ್ಲ ಅಂತ ಇದು ಬೇರೆ," ಎಂದರು, ಹೆಮ್ಮೆಯನ್ನು ಅಡಗಿಸಲು ನೋಡಿ ಸೋತು.

ಕೋಟುಗಳದ್ದೇ ತಾಪತ್ರಯ. ಎಲ್ಲವೂ ಗಣಿಯ ಕಾಲದ ಗಂಡಸರ ಅಳತೆ. ಅಭ್ಯಾಸದ ದಿನ ನರ್ಸಮ್ಮ ಕೋಟಿನ ಅಂಚು ತುಳಿದು ಏಣಿಯಿಂದ ಜಾರಿದಳು. ಅಡುಗೆಯವಳ ಬೆರಳು ತೋಳಿನೊಳಗೆ ಸಿಕ್ಕಿ ಪೈಪಿನ ಬಾಯಿ ತಿರುಗಿಸಲು ಬರಲಿಲ್ಲ. ಟೇಲರಕ್ಕ ಮೂರು ಕೋಟನ್ನೂ ಮೇಜಿನ ಮೇಲೆ ಹಾಸಿದಳು. ಕಟಿಂಗ್ ಅಣ್ಣ, "ಸರ್ಕಾರದ ಕೋಟು ಕಣಮ್ಮ," ಎಂದ. "ಸರ್ಕಾರ ಬಂದು ಹಾಕ್ಕೊಂಡರೆ ಸರ್ಕಾರದ ಅಳತೆಗೇ ಬಿಡ್ತೀನಿ," ಎಂದು ಕತ್ತರಿ ಆಡಿಸಿಯೇ ಬಿಟ್ಟಳು. ತೋಳು ಮೋಟಾಯಿತು, ಅಂಚು ಮೇಲೇರಿತು, ಭುಜ ಭುಜದ ಜಾಗಕ್ಕೆ ಬಂತು. ಹೊಲಿಯಲು ಮೊಳೆಯಲ್ಲಿದ್ದ ದಾರಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ನೈಲಾನ್ ದಾರ ಆರಿಸಿದಳು. ಎಳೆದರೆ ಕೈ ಕೊಯ್ಯಬೇಕೇ ಹೊರತು ತುಂಡಾಗದ ದಾರ. ಗಟ್ಟಿ ದಾರವೇ ಒಳ್ಳೆಯ ದಾರ ಎಂಬುದು ಟೇಲರುಗಳ ನಂಬಿಕೆ. ಬೆಂಕಿಯ ನಂಬಿಕೆ ಬೇರೆ.

ಬಡಗಿಯ ಶೆಡ್ಡಿನಲ್ಲಿ ಮರದ ಹೊಟ್ಟಿಗೆ ಕಿಡಿ ಬಿದ್ದದ್ದು ಹಾಡಹಗಲಲ್ಲಿ. ಅತ್ತೆ ಸೈರನ್ ತಿರುಗಿಸಿದರು. ನಾಲ್ವರೂ ಬಂದರು. ಕೆಂಪಿ ಬಾಗಿಲು ದಾಟಿತು! ಬಡಗಿಯ ಮನೆ ಉಳಿಯಿತು, ಪಕ್ಕದ ಮೂರು ಮನೆ ಉಳಿದವು. ಸಂಜೆ ಬಸ್ಸಿಳಿದ ಗಂಡಸರು ತಮಗೆ ಹೇಳದೆ ಬೆಂಕಿ ಬಂದು ಹೋಯಿತಲ್ಲ ಎಂದು ಇಂಗು ತಿಂದ ಮಂಗನ ಹಾಗೆ ನಿಂತಿದ್ದರು. ಟೇಲರಕ್ಕನ ಬಲತೋಳಿನ ಅಂಚು ಬಿಚ್ಚಿ ಜೋಲುತ್ತಿತ್ತು, ಮಣಿಕಟ್ಟಿನ ಮೇಲೆ ಬೊಬ್ಬೆ ಎದ್ದಿತ್ತು. ಮೊಳೆಗೆ ಸಿಕ್ಕಿರಬೇಕು ಎಂದುಕೊಂಡು ಅದೇ ದಾರದಲ್ಲಿ ಮತ್ತೆ ಹೊಲಿದಳು.

ಸುದ್ದಿ ಗುಡ್ಡ ದಾಟಿ ಪಟ್ಟಣದ ಕಚೇರಿ ಮುಟ್ಟಿತು. ಶುಕ್ರವಾರ ಒಬ್ಬ ಸಾಹೇಬರು ಜೀಪಿನಲ್ಲಿ ಬಂದರು. ಬೆನ್ನು ತಟ್ಟಲು ಬಂದಿದ್ದಾರೆ ಎಂದುಕೊಂಡು ನರ್ಸಮ್ಮ ತಲೆ ಬಾಚಿಕೊಂಡು ಬಂದಿದ್ದಳು. ಸಾಹೇಬರು ಕೆಟ್ಟವರಲ್ಲ. ಸೌಮ್ಯ ಮುಖ, ಬೆನ್ನುನೋವಿನ ನಡಿಗೆ. ಕೋಟುಗಳನ್ನು ನೋಡಿದರು, ಮುಖ ಬಿಗಿಯಾಯಿತು.

"ಇದಕ್ಕೆ ಕತ್ತರಿ ಹಾಕಿದ್ದು ಯಾರು?"

"ನಾನು," ಎಂದಳು ಟೇಲರಕ್ಕ. ಅಡಗಿಸುವ ಜಾಯಮಾನ ಅವಳದಲ್ಲ.

ಸಾಹೇಬರು ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಕಡ್ಡಿ ಗೀರಿ, ತೋಳಿನ ಅಂಚಿಗೆ ಹಿಡಿದರು. ಬಟ್ಟೆಗೆ ಏನೂ ಆಗಲಿಲ್ಲ. ದಾರ ಮಾತ್ರ ಮೇಣದ ಹಾಗೆ ಕರಗಿ ತೊಟ್ಟಿಕ್ಕಿತು, ಮಡಿಕೆ ಬಾಯಿ ತೆರೆಯಿತು. "ನೋಡಿದ್ರಾ? ಇದನ್ನ ಹಾಕ್ಕೊಂಡು ನೀವು ಬೆಂಕಿ ಒಳಗೆ ಹೋಗಿದ್ರಿ."

ಟೇಲರಕ್ಕನ ಕೈ ತಾನಾಗಿ ಮಣಿಕಟ್ಟಿನ ಬೊಬ್ಬೆಗೆ ಹೋಯಿತು. ಮೊಳೆಯಲ್ಲ. ತಾನೇ ಹೊಲಿದು ಕೊಟ್ಟ ಕೋಟು ಅಡುಗೆಯವಳ ಮೈಮೇಲೂ ಇತ್ತು, ನರ್ಸಮ್ಮನ ಮೈಮೇಲೂ ಇತ್ತು. ಅವಳಿಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಎರಡೂ ಅವಳಿಗೆ ಅಭ್ಯಾಸವಿಲ್ಲದ ಸಂಗತಿ.

"ಹಾಕಿಕೊಳ್ಳೋ ಕೋಟಿಲ್ಲ ಅಂದ್ರೆ ದಳ ಇಲ್ಲ," ಎಂದರು ಸಾಹೇಬರು. "ಬಂಡಿ ಪಟ್ಟಣದಲ್ಲಿ ಇರ್ಲಿ. ಸೋಮವಾರ ಡ್ರೈವರ್ ಕರ್ಕೊಂಡು ಬಂದು ತಗೊಂಡು ಹೋಗ್ತೀನಿ. ಹೊಸ ಕೋಟು ಬಂದ ಮೇಲೆ ನೋಡೋಣ."

"ಹೊಸ ಕೋಟು ಯಾವಾಗ ಬರುತ್ತೆ ಸಾರ್?" ಎಂದು ಕೇಳಿದ ಕಟಿಂಗ್ ಅಣ್ಣ.

"ಬರುತ್ತೆ. ಬಂದಾಗ ಬರುತ್ತೆ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿನ ಈ ಮಾತಿನ ಅರ್ಥ ಎಲ್ಲರಿಗೂ ಗೊತ್ತಿತ್ತು. ಗುಡ್ಡ ದಾಟಿದ ಬಂಡಿ ಹಿಂದಿರುಗುವುದಿಲ್ಲ. ಮುಂದಿನ ಬೆಂಕಿಗೆ ಮತ್ತೆ ನಾಲ್ಕು ಗೋಡೆ, ಮತ್ತೆ ಯಾರದೋ ಕೈಯಲ್ಲಿ ಸೌಟು.

ಸಾಹೇಬರು ಜೀಪು ಹತ್ತುವಾಗ ಟೇಲರಕ್ಕ ಅಡ್ಡ ನಿಂತಳು. "ದಾರ ತಪ್ಪು ಸಾರ್. ಒಪ್ಕೊಂಡೆ. ನನ್ನ ತಪ್ಪು. ಆದ್ರೆ ಅಳತೆ ತಪ್ಪಲ್ಲ. ಆ ಅಳತೆಲಿ ಕಳಿಸಿದ್ದು ನಿಮ್ಮ ತಪ್ಪು."

ಸಾಹೇಬರು ಜೀಪಿನ ಬಾಗಿಲು ಎಳೆದುಕೊಂಡು ಹೊರಟರು.

ಶನಿವಾರವೆಲ್ಲ ಅವಳು ಯಂತ್ರ ಮುಟ್ಟಲಿಲ್ಲ. ಶಾಲೆಯ ಸಮವಸ್ತ್ರಗಳು ಹಾಗೇ ಬಿದ್ದಿದ್ದವು. ಬೆಂಕಿಗೆ ಕರಗದ ದಾರ ಎಲ್ಲಿ ಸಿಗುತ್ತದೆ? ಪಟ್ಟಣದ ದಾರದಂಗಡಿಗೆ ಫೋನ್ ಮಾಡಿದರೆ, ಅಂಥದ್ದು ಇಲ್ಲಮ್ಮ ಎಂದು ನಕ್ಕರು. ಅವಳಿಗೆ ರೇಗಿ, ಮೊಳೆಯ ಮೇಲಿದ್ದ ನೈಲಾನ್ ಉಂಡೆಯನ್ನು ಕಿತ್ತು ಬೀದಿಗೆಸೆದಳು. ಅತ್ತೆ ಎದ್ದು ಹೋಗಿ ಹೆಕ್ಕಿ ತಂದರು.

"ದಾರದ ಮೇಲೆ ಯಾಕೆ ಸಿಟ್ಟು? ಹರಿದ ಕೋಟಿಗೆ ರಫು ಹಾಕೋವಾಗ ನೀನು ಅಂಗಡಿ ದಾರ ತರ್ತೀಯಾ? ಅದೇ ಬಟ್ಟೆ ಎಳೆ ಬಿಚ್ಚಿ ಹಾಕಲ್ವಾ?" ಎಂದವರು ಹಾಗೇ ದಿಂಬಿನ ಮೇಲೆ ಕೂತರು.

ಟೇಲರಕ್ಕ ಅತ್ತೆಯ ಮುಖ ನೋಡಿದಳು. ಆಮೇಲೆ ದಿಂಬು ನೋಡಿದಳು.

"ಅತ್ತೇ, ಏಳಿ."

"ಈಗ ತಾನೇ ಕೂತೆ ಕಣೇ."

"ಏಳಿ ಅಂದ್ರೆ!" ಕೋಟಿನಿಂದ ಕತ್ತರಿಸಿದ ತೋಳಿನ ತುದಿಗಳು, ಅಂಚಿನ ಉದ್ದುದ್ದ ಪಟ್ಟಿಗಳು ಎಲ್ಲವೂ ಆ ದಿಂಬಿನ ಹೊಟ್ಟೆಯಲ್ಲಿದ್ದವು. ಬಿಚ್ಚಿ ಸುರಿದರು. ಬಣ್ಣಬಣ್ಣದ ಚೂರುಗಳ ನಡುವೆ ಹಳದಿ ಪಟ್ಟಿಗಳು ಕಂಡವು. "ಇಷ್ಟು ದಿನ ಸರ್ಕಾರದ ಮೇಲೆ ಕೂತಿದ್ದೆ ಅಂತ ಗೊತ್ತೇ ಇರಲಿಲ್ವಲ್ಲ," ಎಂದರು ಅತ್ತೆ. ಟೇಲರಕ್ಕ ಪಟ್ಟಿಯ ಅಂಚಿನಿಂದ ಒಂದು ಎಳೆ ಎಳೆದು ಕಡ್ಡಿ ಗೀರಿದಳು. ಎಳೆ ಕಪ್ಪಾಯಿತು. ಕರಗಲಿಲ್ಲ.

ಭಾನುವಾರ ಬೆಳಗಾಗುತ್ತಲೇ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನರ್ಸಮ್ಮ ಇಕ್ಕುಳದಲ್ಲಿ ಎಳೆ ಹಿಡಿದು ಬಿಡಿಸಿದಳು. ಕಟಿಂಗ್ ಅಣ್ಣ ಬಾಚಣಿಗೆಯಲ್ಲಿ ಸಿಕ್ಕು ತೆಗೆದ. ಪೋಸ್ಟ್ ಮಾವ ಕನ್ನಡಕ ಮೂಗಿನ ತುದಿಗೆ ತಂದು ಎರಡೆರಡು ಎಳೆ ಸೇರಿಸಿ ತೊಡೆಯ ಮೇಲೆ ಹೊಸೆದರು. ಕಾರ್ಖಾನೆಯ ಗಂಡಸರೂ ಬಂದರು. ಅವರ ದಪ್ಪ ಬೆರಳಿಗೆ ಎಳೆ ಸಿಗುತ್ತಿರಲಿಲ್ಲ, ಸಿಕ್ಕರೆ ತುಂಡಾಗುತ್ತಿತ್ತು. ಅತ್ತೆ ಅವರನ್ನೆಲ್ಲ ಟೀ ಮಾಡಲು ಕಳಿಸಿದರು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂದು ಹಿರಿಯರು ಹೇಳಿದ್ದು ಇಂಥದ್ದನ್ನು ನೋಡಿಯೇ ಇರಬೇಕು. ಟೇಲರಕ್ಕ ಹಳೆಯ ಹೊಲಿಗೆ ಪೂರ್ತಿ ಬಿಚ್ಚಿ, ಹೊಸ ಎಳೆಯಲ್ಲಿ ಕೈಯಿಂದಲೇ ಹೊಲಿದಳು, ಹಿಂದೊಂದು ಮುಂದೊಂದು, ಒತ್ತೊತ್ತಾಗಿ. ಒಂದೊಂದು ಅಂಚು ಮುಗಿದಾಗಲೂ ಕಡ್ಡಿ ಗೀರಿ ಹಿಡಿದು ನೋಡಿದಳು. ಮೊದಲು ಮುಗಿಸಿದ್ದು ತನ್ನದಲ್ಲ, ಅಡುಗೆಯವಳ ಕೋಟು. ಅಡುಗೆಯವಳು ಅದನ್ನು ತೊಟ್ಟು, ತೋಳು ಮುಂದೆ ಚಾಚಿ, ಬೆರಳುಗಳನ್ನು ಒಮ್ಮೆ ಬಿಚ್ಚಿ ಮಡಚಿ ನೋಡಿಕೊಂಡಳು. "ಸರಿಯಾಗಿದೆ ಅಕ್ಕ," ಎಂದಳು.

ಸೋಮವಾರ ಜೀಪು ಬಂತು. ಸಾಹೇಬರು, ಜೊತೆಗೆ ಪಟ್ಟಣದ ಡ್ರೈವರ್. ನಾಲ್ವರೂ ಕೋಟು ತೊಟ್ಟು ಶೆಡ್ಡಿನ ಮುಂದೆ ಸಾಲಾಗಿ ನಿಂತಿದ್ದರು. ಸಾಹೇಬರು ಒಂದಲ್ಲ, ಐದಾರು ಕಡ್ಡಿ ಗೀರಿದರು. ಅಂಚು ಬಾಯಿ ಬಿಡಲಿಲ್ಲ. ಹೊಲಿಗೆಯನ್ನು ಉಗುರಿನಲ್ಲಿ ಕೆದಕಿದರು, ಎಳೆದರು, ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

"ಚೆನ್ನಾಗಿ ಮಾಡಿದ್ದೀರಿ," ಎಂದರು ಕೊನೆಗೆ. ದನಿಯಲ್ಲಿ ನಿಜವಾದ ಮೆಚ್ಚುಗೆ ಇತ್ತು. "ಆದ್ರೆ ಬದಲಾಯಿಸಿದ ಕೋಟಿಗೆ ಮೇಲಿನವರ ಒಪ್ಪಿಗೆ ಬೇಕು. ಅಲ್ಲಿವರೆಗೆ ನಿಮ್ಮನ್ನ ದಳದ ಲೆಕ್ಕಕ್ಕೆ ತಗೊಳ್ಳೋಕೆ ಆಗಲ್ಲ. ನನ್ನ ಕೈಲಿಲ್ಲಮ್ಮ." ಡ್ರೈವರಿಗೆ ಸನ್ನೆ ಮಾಡಿದರು. ಅವನು ಹತ್ತಿ ಕೀಲಿ ತಿರುಗಿಸಿದ. ಕೆಂಪಿ ಗುರುಗುಟ್ಟಿತು.

ಟೇಲರಕ್ಕ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಅಡುಗೆಯವಳು ಸಾಲಿನಿಂದ ಹೊರಬಂದು ಬಾಗಿಲ ನಡುವೆ, ಬಂಡಿಯ ಮೂತಿಯ ಎದುರು ನಿಂತಳು. ದಳಕ್ಕೆ ಸೇರಿದ ಮೇಲೆ ಅವಳು ಸಾಹೇಬರ ಮುಂದೆ ಆಡಿದ ಮೊದಲ ಮಾತು ಅದು.

"ಸಾರ್, ನೀವೆಷ್ಟು ಜನ?"

"ಏನಮ್ಮಾ?"

"ಬಂಡಿ ಹತ್ತೋದು ನೀವೆಷ್ಟು ಜನ?"

"ನಾನು, ಡ್ರೈವರ್. ಇಬ್ಬರು."

ಅವಳು ಕೈಯೆತ್ತಿ ಬಾಗಿಲ ಮೇಲೆ ತೋರಿಸಿದಳು. ಅವಳ ಬೆರಳು ತೋಳಿನಿಂದ ಪೂರ್ತಿ ಹೊರಗಿತ್ತು. "ನಾಲ್ವರಿಲ್ಲದೆ ಬಂಡಿ ಈ ಬಾಗಿಲು ದಾಟೋ ಹಾಗಿಲ್ಲ. ನಾನು ಓದಿದ್ದಲ್ಲ ಸಾರ್, ಕೇಳಿದ್ದು. ನನ್ನ ಮನೆ ಉರೀತಿದ್ದಾಗ ಇದೇ ಜಾಗದಲ್ಲಿ ನಿಂತು ಕೇಳಿದ್ದು. ಅವತ್ತೂ ಇಬ್ಬರೇ ಇದ್ರು. ಬಂಡಿ ಹೀಗೇ ಗುರುಗುಟ್ತಾ ಇತ್ತು. ಅವತ್ತು ದಾಟದ ಬಾಗಿಲು ಇವತ್ತು ಹೇಗೆ ದಾಟುತ್ತೆ?"

ಸಾಹೇಬರು ಬಾಗಿಲ ಮೇಲಿನ ಸಾಲು ನೋಡಿದರು. ಕಟಿಂಗ್ ಅಣ್ಣ ಕಳೆದ ತಿಂಗಳಷ್ಟೇ ಬಣ್ಣ ಕೊಟ್ಟಿದ್ದ, ಅಕ್ಷರ ಹೊಳೆಯುತ್ತಿತ್ತು.

"ಸರಿ," ಎಂದರು ಸಾಹೇಬರು, ಹಣೆಯೊರೆಸಿಕೊಂಡು. "ನಿಮ್ಮಲ್ಲೇ ಇಬ್ಬರು ಬನ್ನಿ. ಪಟ್ಟಣದವರೆಗೆ. ಬಸ್ಸಲ್ಲಿ ವಾಪಸ್ ಕಳಿಸ್ತೀನಿ."

ಟೇಲರಕ್ಕನಿಗೆ ನಗು ಉಕ್ಕಿ ಬಂತು. ಇಷ್ಟು ಚೆನ್ನಾಗಿ ಮಡಿಕೆಗೆ ಮಡಿಕೆ ಕೂಡುವ ಮಾತು ಅವಳ ಜನ್ಮದಲ್ಲಿ ಸಿಕ್ಕಿರಲಿಲ್ಲ. "ಬರ್ತೀವಿ ಸಾರ್, ಅದಕ್ಕೇನು! ಆದ್ರೆ ಕಲಿತವರೇ ಹತ್ತಬೇಕಲ್ಲ? ನಾವು ಲೆಕ್ಕಕ್ಕುಂಟು ಅಂದ್ರೆ ಊರಲ್ಲಿ ದಳ ಇದೆ. ದಳ ಇದ್ದ ಮೇಲೆ ಬಂಡಿ ಯಾಕೆ ಹೋಗಬೇಕು? ನಾವು ಲೆಕ್ಕಕ್ಕಿಲ್ಲ ಅಂದ್ರೆ ನೀವಿಬ್ಬರೇ. ಬಂಡಿ ಹೊರಡೋ ಹಾಗಿಲ್ಲ. ಯಾವುದು ಅಂತ ನೀವೇ ಹೇಳಿ."

ಮೊದಲು ನಕ್ಕದ್ದು ಡ್ರೈವರ್. "ನನ್ನ ಕೆಲಸ ಹೋಗುತ್ತೆ ಸಾರ್, ನಾನಂತೂ ದಾಟಿಸಲ್ಲ," ಎಂದು ಕೆಳಗಿಳಿದೇ ಬಿಟ್ಟ. ಸಾಹೇಬರು ಅಡುಗೆಯವಳ ಕಡೆ ತಿರುಗಿ, ಬಂಡಿ ಇಲ್ಲೇ ಇರಲಿ, ಒಪ್ಪಿಗೆಗೆ ತೋರಿಸಲು ಒಂದು ಕೋಟು ಬೇಕು ಎಂದರು. ಟೇಲರಕ್ಕ ತನ್ನದನ್ನು ಬಿಚ್ಚಲು ಹೊರಟಳು. ಅವರು ತಡೆದರು. "ಬೇಡ. ನಾಲ್ಕರಲ್ಲಿ ಒಂದು ಕಮ್ಮಿಯಾದ್ರೆ ಮತ್ತೆ ಮೂರೇ. ಕತ್ತರಿಸಿದ ಒಂದು ಚೂರಿಗೆ ಅದೇ ಹೊಲಿಗೆ ಹಾಕಿ ಕೊಡಿ. ಅಷ್ಟನ್ನೇ ತೋರಿಸ್ತೀನಿ." ಹೊಲಿಯುವವರೆಗೆ ಅತ್ತೆಯ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, ಅವರ ಬಾಯಿಗೆ ಸಿಕ್ಕು, ಬೆನ್ನುನೋವಿಗೆ ಮದ್ದು ಕೇಳಿಸಿಕೊಂಡು ಹೋದರು.

ಜೀಪು ತಿರುವಿನಲ್ಲಿ ಮರೆಯಾದರೂ ಕೆಂಪಿಯ ಇಂಜಿನ್ನು ಇನ್ನೂ ಓಡುತ್ತಿತ್ತು. ಕಟಿಂಗ್ ಅಣ್ಣ ನಿಲ್ಲಿಸಲು ಹತ್ತಿದ.

"ನಿಲ್ಲಿಸಬೇಡಿ ಅಣ್ಣ," ಎಂದಳು ಅಡುಗೆಯವಳು. "ನಾಲ್ಕು ಜನ ಇದ್ದೀವಲ್ಲ."

"ಎಲ್ಲಿಗೆ ಹೋಗೋದಮ್ಮ?"

"ನಮ್ಮ ಬೀದಿಗೆ."

ನಾಲ್ವರೂ ಹತ್ತಿದರು. ಬೆಂಕಿ ಇಲ್ಲದಿದ್ದರೂ ಅತ್ತೆ ತಡೆಯಲಾರದೆ ಸೈರನ್ ತಿರುಗಿಸಿಬಿಟ್ಟರು. ಮನೆಮನೆಯಿಂದ ಜನ ಬಕೆಟ್ಟು ಹಿಡಿದು ಹೊರಬಂದರು, ಹೊಗೆ ಎಲ್ಲಿ ಎಂದು ಕತ್ತೆತ್ತಿ ನೋಡಿದರು. ಕೆಂಪಿ ಬಾಗಿಲು ದಾಟಿ, ಶಾಲೆ ದಾಟಿ, ಅಡುಗೆಯವಳ ಬೀದಿಗೆ ತಿರುಗಿ, ಕಪ್ಪು ಹಿಡಿದ ನಾಲ್ಕು ಗೋಡೆಗಳ ಮುಂದೆ ನಿಂತಿತು. ಅವಳು ಇಳಿಯಲಿಲ್ಲ, ಅಳಲಿಲ್ಲ. ಕೂತಲ್ಲಿಂದಲೇ ನೋಡಿದಳು.

"ಎಷ್ಟು ಹತ್ತಿರ ಇತ್ತಲ್ಲ ಅಕ್ಕ," ಎಂದಳು.

ಟೇಲರಕ್ಕ ಅವಳ ಕೋಟಿನ ತೋಳನ್ನು ಹಿಡಿದು, ಸರಿಯಾಗಿಯೇ ಇದ್ದ ಅಂಚನ್ನು ಮತ್ತೊಮ್ಮೆ ಸರಿಮಾಡಿದಳು.